ಮುದ್ದೇಬಿಹಾಳದ ‘ಮು’

ಗುರವ್ವನಿಗೆ ಅಕ್ಷರ ಹತ್ತುವುದಿಲ್ಲ ಎಂದು ಆಗ ಸಂಗನಾಳದಲ್ಲಿ ಎಲ್ಲರೂ ನಂಬಿದ್ದರು. ಗುರವ್ವನೂ ನಂಬಿದ್ದಳು.

ಮಠದ ಸ್ವಾಮಿಗಳಾದ ಪೂಜ್ಯ ಚರಂತಜ್ಜನವರು ಅಡುಗೆಮನೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಪಕ್ಕದಲ್ಲಿ ಗುರವ್ವ ರೊಟ್ಟಿ ಬಡಿಯುತ್ತಿದ್ದಳು. ಬಂಡೆಪ್ಪ ಮಾಸ್ತರರು ಫಲಿತಾಂಶದ ಹಾಳೆ ಹಿಡಿದು ಬಂದರು. ಅವರಿಗೆ ಸ್ವಾಮಿಗಳಲ್ಲಿ ಅಂಥ ನಂಬಿಕೆ ಇರಲಿಲ್ಲ. ಹೆಂಗಸರ ಓದಿನ ತರಗತಿಗೆ ಮಠ ಪಡಸಾಲೆ ಕೊಟ್ಟಿತ್ತು, ಅದಕ್ಕೆ ಬಂದಿದ್ದರು.

“ಹನ್ನೊಂದು ಮಂದ್ಯಾಗ ಹತ್ತು ಮಂದಿ ಪಾಸ್, ಅಜ್ಜಾರ. ವರ್ಣಮಾಲೆ ಹಾಡಿನಂಗ ಹೇಳ್ತಾರ. ಗುರವ್ವನ ಹೆಸರು ಹೊಡದು ಹಾಕ್ತೀನ್ರಿ. ‘ಋ’ ದಾಟಿ ಮುಂದ ಹೋಗವಲ್ಲಳು.”

“ನಂಗ ಋ ತಗೊಂಡು ಏನ್ ಮಾಡೂದೈತ್ರೀ ಸರ?” ಎಂದಳು ಗುರವ್ವ. “ಮಗಳು ಮುದ್ದೇಬಿಹಾಳದಾಗ ಇನ್ನ ಎಂಟ ದಿನದಾಗ ಹಡೀತಾಳ. ಹೋದ ಸಲ ಬಾಜೂದವರನ್ನ ಕೇಳಿ ಬಸ್ ಹತ್ತಿ, ತಪ್ಪಿ ಬಾದಾಮಿಗೆ ಹೋದೆ. ಅವರಿಗೂ ಓದಾಕ ಬರ್ತಿದ್ದಿಲ್ಲ. ‘ಮು’ ಯಾವುದ್ರೀ ಅಂತ ದಿನಾ ಕೇಳಿದ್ರ ಇವರು ಹೇಳವಲ್ರು.”

“ಪಾಳಿ ಬಂದಾಗ ಹೇಳ್ತೀನಲ್ಲ ಬೇ! ಮ ಇನ್ನ ಭಾಳ ದೂರ ಐತಿ!”

ಅಜ್ಜನವರು ಕೇಳಿದರು: “ಮಾಸ್ತರ, ಈ ತಾಯಂದ್ರು ಯಾಕ ಕಲಿಯಾಕ ಬಂದ್ರು?”

“ಬಸ್ಸಿನ ಬೋರ್ಡು ಓದಾಕ್ರಿ. ಅರ್ಜಿಯೊಳಗ ಹಂಗ ಬರದಾರ.”

“ಹಂಗಾರ ಪರೀಕ್ಷೆ ಬಸ್‌ಸ್ಟ್ಯಾಂಡಿನಾಗ ಇಡ್ರಿ.”

ಅಷ್ಟು ಹೇಳಿ, ಅಜ್ಜನವರು ಇದ್ದಿಲು ತೆಗೆದುಕೊಂಡು ಒಲೆಯ ಪಕ್ಕದ ಗೋಡೆಯ ಮೇಲೆ ಒಂದೇ ಒಂದು ಊರಿನ ಹೆಸರು ಬರೆದರು. ನಾಲ್ಕು ದಿನ ಗುರವ್ವ ಅದನ್ನು ನೋಡುತ್ತಲೇ ರೊಟ್ಟಿ ಬಡಿದಳು. ಒಂದು ಹೆಸರಿನಿಂದ ಏನಾದೀತು ಎಂದುಕೊಂಡರು ಮಾಸ್ತರರು.

ಐದನೆಯ ದಿನ ಮಾಸ್ತರರು ಹನ್ನೊಂದು ಮಂದಿಯನ್ನೂ ನಿಲ್ದಾಣಕ್ಕೆ ಕರೆತಂದರು, ಅಜ್ಜನವರೂ ಬಂದರು. ಅಲ್ಲಿ ಎರಡು ಕೆಂಪು ಬಸ್ಸು ನಿಂತಿದ್ದವು. ಚಾಲಕರು ಚಹಾಕ್ಕೆ ಹೋಗಿದ್ದರು. “ಮುದ್ದೇಬಿಹಾಳದ ಬಸ್ ಹತ್ರಿ. ಯಾರನ್ನೂ ಕೇಳಂಗಿಲ್ಲ” ಎಂದರು ಮಾಸ್ತರರು. ಪಾಸಾದ ಹತ್ತು ಮಂದಿ ಬೋರ್ಡಿನ ಮುಂದೆ ಸಾಲಾಗಿ ನಿಂತು ಅ ಆ ಇ ಈ ಎಂದು ಳ ತನಕ ಹಾಡಿದರು. ಒಂದಕ್ಷರವೂ ತಪ್ಪಲಿಲ್ಲ. ಆಮೇಲೆ, ಸೀಟು ಹೆಚ್ಚು ಖಾಲಿ ಇದ್ದ ಬಸ್ಸು ಹತ್ತಿ ಕುಳಿತರು.

“ಏ, ಇಳೀರಿ! ಅದು ಬಾದಾಮಿದು!” ಮಾಸ್ತರರು ಓಡಿದರು.

“ಮತ್ತ ನೂರಕ್ಕ ನೂರು ಕೊಟ್ಟಿದ್ರಲ್ರೀ ಸರ!” ಎಂದು ಕಿಟಕಿಯಿಂದ ಒಬ್ಬಳು ಕೂಗಿದಳು. ಬಸ್ಸೆಲ್ಲ ನಕ್ಕಿತು.

ಅಜ್ಜನವರೂ ನಕ್ಕರು. ಮಾಸ್ತರರು ಫಲಿತಾಂಶದ ಹಾಳೆಯನ್ನು ನಾಲ್ಕಾಗಿ ಹರಿದು, ಜೀವನದಲ್ಲಿ ಮೊದಲ ಸಲ ಒಬ್ಬ ಸ್ವಾಮಿಗಳ ಪಾದ ಮುಟ್ಟಿದರು. “ನಾಳೆಯಿಂದ ಪಾಠ ಇಲ್ಲೇ ಮಾಡ್ತೀನ್ರಿ, ಅಜ್ಜಾರ” ಎಂದರು. ಆಮೇಲೆ ತಲೆ ಎಣಿಸಿದರು. ಒಂದು ಕಡಿಮೆ ಇತ್ತು.

ಗುರವ್ವ ಮುದ್ದೇಬಿಹಾಳದ ಬಸ್ಸಿನಲ್ಲಿ, ಗಂಟು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಪಕ್ಕ ಕುಳಿತಿದ್ದಳು.