ಥರ್ಮಾಕೋಲ್‌ನ ವಿನಯ

ಕಲ್ಯಾಣ ಮಂಟಪದ ಚಪ್ಪಟೆ ಚಾವಣಿಯ ಮೇಲೆ ಮಳೆನೀರು ತಡೆಯಲು ಬಂದ ರಬ್ಬರ್ ಹಾಳೆ, ತನ್ನ ಕೆಳಗೆ ಯಾರು ಮಲಗಬೇಕೆಂದು ಸಂದರ್ಶನ ನಡೆಸಿತು.

"ಮೇಲೆ ಯಾರು ತುಳಿದರೂ ನಾನು ಜಗ್ಗುವುದಿಲ್ಲ," ಎಂದಿತು ಸಿಮೆಂಟ್ ಹಲಗೆ. "ತಾವು ಗದರಿದರೂ ಅಷ್ಟೆ."

"ಎಂಥ ಒರಟು!" ಎಂದು ಹಾಳೆ ಮುಖ ತಿರುಗಿಸಿತು.

"ತಾವು ಎಷ್ಟು ಒತ್ತಿದರೂ ನಾನು ಎದುರಾಡದೆ ತಗ್ಗುತ್ತೇನೆ, ಅಮ್ಮಾವ್ರೇ," ಎಂದಿತು ಥರ್ಮಾಕೋಲ್. ಕೆಲಸ ಅದಕ್ಕೇ ಸಿಕ್ಕಿತು.

ಮರುದಿನ ಅಡುಗೆಯ ಸಂಕಮ್ಮ ಮೇಲೆ ಬಂದು ಸಂಡಿಗೆ ಒಣಹಾಕಿದರು. ಕಾಗೆ ಓಡಿಸಲು ಕಬ್ಬಿಣದ ಸ್ಟೂಲ್ ಇಟ್ಟು ಅದರ ಮೇಲೆ ಕುಳಿತರು. ಸ್ಟೂಲಿನ ನಾಲ್ಕೂ ಕಾಲು ಹಾಳೆಯನ್ನು ತೂತು ಮಾಡಿಕೊಂಡು ಕೆಳಗಿಳಿದವು.

"ಅಯ್ಯೋ, ನೀನು ತಡೆಯಬಾರದಿತ್ತೇ?" ಎಂದು ಹಾಳೆ ಚೀರಿತು.

"ಎದುರಾಡುವ ಅಭ್ಯಾಸವಿಲ್ಲ, ಅಮ್ಮಾವ್ರೇ," ಎಂದಿತು ಥರ್ಮಾಕೋಲ್. "ಅವರಿಗೂ ತಗ್ಗಿದೆ."