ಗಿಡ್ಡ ಕಾರ್ಡೋ, ಉದ್ದ ಕಾರ್ಡೋ?

ಹೂಂ ಅಂತೀರಾ? ಹೂಂ ಅಂದರೇ ಕಥೆ. ಇಲ್ಲದಿದ್ದರೆ ನಾನೂ ಬಾಯಿ ಬಿಡೋಲ್ಲ.

ಇಂಚರ ಅಂತ ಒಬ್ಬಳು ಹುಡುಗಿ. ಅವಳೂ ಅಪ್ಪನೂ ಸೇರಿ ಮನೆಯಲ್ಲೇ ಒಂದು ಕಂಪ್ಯೂಟರ್ ಜೋಡಿಸಿದ್ದರು. ಅಜ್ಜಿ ಅತ್ತೆಯ ಊರಿಗೆ ಹೋಗುವಾಗ ತನ್ನ ಜೋಗುಳವನ್ನು ಅದರಲ್ಲಿ ಹಾಡಿಟ್ಟು ಹೋಗಿದ್ದಳು. ಅದನ್ನು ಕೇಳಿದರೇ ಪುಟ್ಟ ತಮ್ಮನಿಗೆ ನಿದ್ದೆ.

ಒಂದು ದಿನ ಏನಾಯ್ತು? ಕಂಪ್ಯೂಟರಿನ ದನಿ ಹೋಯ್ತು! ತಮ್ಮ ಕುಯ್ಯೋ ಮರ್ರೋ ಅಂತ ಅತ್ತ.

"ಇದಕ್ಕೆ ಒಂದು ಸೌಂಡ್ ಕಾರ್ಡ್ ಹಾಕಬೇಕು ಮಗಳೇ. ಅದು ದನಿ ಕೊಡುತ್ತೆ," ಅಂದ ಅಪ್ಪ.

ಇಂಚರ ದಡದಡ ಓಡಿದಳು. ಶಫಿ ಮಾಮನ ಕಂಪ್ಯೂಟರ್ ಅಂಗಡಿಗೆ ಬಂದಳು.

"ಮಾಮ, ಮಾಮ, ಸೌಂಡ್ ಕಾರ್ಡ್ ಕೊಡಿ! ಕಾರ್ಡಿಲ್ಲದೆ ಹಾಡಿಲ್ಲ, ಹಾಡಿಲ್ಲದೆ ತಮ್ಮನಿಗೆ ನಿದ್ದೆಯಿಲ್ಲ!"

"ಗಿಡ್ಡ ಕಾರ್ಡೋ, ಉದ್ದ ಕಾರ್ಡೋ? ಕಾರ್ಡ್ ಕೂರೋ ಸಂದಿ ಅಳೆದು ಬಾ. ಅಳತೆ ಇಲ್ಲದೆ ಕೊಡೋಲ್ಲ."

ಇಂಚರ ದಡದಡ ಓಡಿದಳು. ಟೈಲರ್ ಸುಶೀಲಕ್ಕನ ಹತ್ತಿರ ಬಂದಳು.

"ಅಕ್ಕ, ಅಕ್ಕ, ಟೇಪು ಕೊಡಕ್ಕ! ಟೇಪಿಲ್ಲದೆ ಅಳತೆಯಿಲ್ಲ, ಅಳತೆಯಿಲ್ಲದೆ ಕಾರ್ಡಿಲ್ಲ, ಕಾರ್ಡಿಲ್ಲದೆ ಹಾಡಿಲ್ಲ, ಹಾಡಿಲ್ಲದೆ ತಮ್ಮನಿಗೆ ನಿದ್ದೆಯಿಲ್ಲ!"

"ಟೇಪಿನ ಮೇಲೆ ಬೆಕ್ಕು ಮಲಗಿದೆಯಲ್ಲೇ! ನಾನು ಎಬ್ಬಿಸಿದರೆ ಪರಚುತ್ತೆ. ನೀನೇ ಕೇಳು."

"ಬೆಕ್ಕೇ, ಬೆಕ್ಕೇ, ಏಳು! ನೀನು ಏಳದೆ ಟೇಪಿಲ್ಲ, ಟೇಪಿಲ್ಲದೆ ಅಳತೆಯಿಲ್ಲ, ಅಳತೆಯಿಲ್ಲದೆ ಕಾರ್ಡಿಲ್ಲ, ಕಾರ್ಡಿಲ್ಲದೆ ಹಾಡಿಲ್ಲ, ಹಾಡಿಲ್ಲದೆ ತಮ್ಮನಿಗೆ ನಿದ್ದೆಯಿಲ್ಲ!"

"ಹಾಲು ತಾ. ಆಮೇಲೆ ನೋಡೋಣ," ಅಂತು ಬೆಕ್ಕು. ಕಣ್ಣು ಕೂಡ ಬಿಡಲಿಲ್ಲ. ಸೊಕ್ಕು ನೋಡಿ!

ಇಂಚರ ದಡದಡ ಓಡಿದಳು. ಮನೆಯ ಹಿತ್ತಲಿಗೆ, ಎಮ್ಮೆಯ ಹತ್ತಿರ ಬಂದಳು.

"ಎಮ್ಮೇ, ಎಮ್ಮೇ, ಹಾಲು ಕೊಡು! ಹಾಲಿಲ್ಲದೆ ಬೆಕ್ಕು ಏಳೋಲ್ಲ, ಬೆಕ್ಕು ಏಳದೆ ಟೇಪಿಲ್ಲ, ಟೇಪಿಲ್ಲದೆ ಅಳತೆಯಿಲ್ಲ, ಅಳತೆಯಿಲ್ಲದೆ ಕಾರ್ಡಿಲ್ಲ, ಕಾರ್ಡಿಲ್ಲದೆ ಹಾಡಿಲ್ಲ, ಹಾಡಿಲ್ಲದೆ ತಮ್ಮನಿಗೆ ನಿದ್ದೆಯಿಲ್ಲ!"

"ಅಜ್ಜಿಯ ಹಾಡು ಕೇಳದೆ ನಾನು ಹಾಲು ಬಿಡೋಲ್ಲ," ಅಂತು ಎಮ್ಮೆ. "ದಿನಾ ಕಿಟಕಿಯಿಂದ ಕೇಳಿಸ್ತಿತ್ತಲ್ಲ, ಇವತ್ತೆಲ್ಲಿ?"

ಇಂಚರ ಪೆಚ್ಚಾದಳು. ಹಾಡಿಲ್ಲದೆ ಹಾಲಿಲ್ಲ, ಹಾಲಿಲ್ಲದೆ ಬೆಕ್ಕು ಏಳೋಲ್ಲ, ಬೆಕ್ಕು ಏಳದೆ ಟೇಪಿಲ್ಲ, ಟೇಪಿಲ್ಲದೆ ಅಳತೆಯಿಲ್ಲ, ಅಳತೆಯಿಲ್ಲದೆ ಕಾರ್ಡಿಲ್ಲ, ಕಾರ್ಡಿಲ್ಲದೆ... ಹಾಡಿಲ್ಲ! ಸುತ್ತಿ ಸುತ್ತಿ ಮತ್ತೆ ಹಾಡಿಗೇ ಬಂತು! ಒಳಗೆ ತಮ್ಮ ಇನ್ನೂ ಅಳುತ್ತಿದ್ದ. ಅವಳಿಗೂ ಅಳು ಬಂತು.

ಇಂಚರ ಯಾರ ಮುಂದೆಯೂ ಹಾಡಿದವಳಲ್ಲ. ಬಲು ನಾಚಿಕೆ. ಆದರೂ ಎಮ್ಮೆಯ ಕತ್ತು ತಬ್ಬಿಕೊಂಡಳು. ಕಣ್ಣು ಮುಚ್ಚಿದಳು. ಅಜ್ಜಿಯ ಹಾಡನ್ನು ತಾನೇ ಹಾಡಿದಳು.

"ಜೋ ಜೋ ಕಂದ, ಬೆಲ್ಲದ ತುಂಡೇ, ಜೋ ಜೋ..."

ಎಮ್ಮೆಯ ಕಿವಿ ನೆಟ್ಟಗಾಯ್ತು. ಅಮ್ಮ ಬಕೆಟ್ ಹಿಡಿದು ಕೂತಳು. ಸೊರ್ ಸೊರ್!

ಹಾಡು ಕೇಳಿ ಎಮ್ಮೆ ಹಾಲು ಕೊಟ್ಟಿತು. ಹಾಲು ಕುಡಿದು ಬೆಕ್ಕು ಎದ್ದಿತು. ಬೆಕ್ಕು ಎದ್ದಿತು, ಅಕ್ಕ ಟೇಪು ಕೊಟ್ಟಳು. ಟೇಪು ಬಂತು, ಇಂಚರ ಸಂದಿ ಅಳೆದಳು. ಒಂದೇ ಒಂದು ಇಂಚು! ಅಳತೆ ಕೇಳಿ ಮಾಮ ಗಿಡ್ಡ ಕಾರ್ಡ್ ಕೊಟ್ಟ. ಅಪ್ಪ ಕಾರ್ಡ್ ಕೂರಿಸಿದ, ಟಕ್!

ಬಂತು, ಬಂತು, ಅಜ್ಜಿಯ ದನಿ ಬಂತು! ಇಂಚರ ಕುಣಿದಳು. ಅಜ್ಜಿಯ ಜೊತೆ ತಾನೂ ಜೋರಾಗಿ ಹಾಡಿದಳು. ತಮ್ಮ ಆಕಳಿಸಿದ. ತಮ್ಮ ಮಲಗಿದ.

ಹಾಡು ಕಿಟಕಿ ದಾಟಿತು. ಹಿತ್ತಲಿಗೆ ಹೋಯ್ತು. ಹಿತ್ತಲಲ್ಲಿ ಏನೋ ಸದ್ದು... ಸೊರ್ ಸೊರ್!

"ಅಯ್ಯೋ, ಎಮ್ಮೆ ಮತ್ತೆ ಹಾಲು ಬಿಡ್ತು! ಬಕೆಟ್ ತಾರೇ ಇಂಚರಾ!" ಅಂತ ಅಮ್ಮ ಕೂಗಿದಳು.

ಹೂಂ ಅಂದವರಿಗೆಲ್ಲ ಒಂದೊಂದು ಲೋಟ ಹಾಲು. ಹೂಂ ಅನ್ನದವರು ಬೆಕ್ಕಿನ ಹಿಂದೆ ಸಾಲಲ್ಲಿ ನಿಲ್ಲಿ.