ಚೀಟಿಯ ಜೊತೆಗೊಂದು ಎಲೆ

"ಗುರುಗಳೇ, ಚೀಟಿಯನ್ನು ಹೆಚ್ಚಿನ ಬೆಲೆಗೆ ಮಾರಬಾರದು ಅಂತ ಕಾನೂನಿದೆ. ಚೀಟಿಯನ್ನು ಸರಿಯಾದ ಬೆಲೆಗೇ ಕೊಟ್ಟು, ಜೊತೆಗೆ ಬೇರೇನನ್ನೋ ಮಾರಿದರೆ ಕಾನೂನು ಮುರಿದ ಹಾಗಾಯಿತೇ?" ಎಂದು ಶಿಷ್ಯ ಕೇಳಿದ. ಮರುದಿನ ಮಠದಲ್ಲಿ ಗಾಯನವಿತ್ತು. ಚೀಟಿ ಮಾರುವ ಕೆಲಸ ಅವನದು. ಜೋಳಿಗೆಯನ್ನು ಮಡಿಲಿಗೆ ಎಳೆದುಕೊಂಡು ಕೂತಿದ್ದ.

ಗುರುಗಳು ಹೇಳಿದರು:

ಒಂದು ಪಟ್ಟಣದಲ್ಲಿ ದೊಡ್ಡ ಕುಸ್ತಿ ಏರ್ಪಟ್ಟಿತು. ಒಳಗೆ ಹೋಗಲು ಅರಸನ ಮುದ್ರೆಯ ಚೀಟಿ ಬೇಕು; ಬೆಲೆ ಎರಡು ಹಣ. ಅದಕ್ಕಿಂತ ಹೆಚ್ಚಿಗೆ ಮಾರಿದವನಿಗೆ ಗಡಿಪಾರು ಎಂದು ಡಂಗುರ ಸಾರಿದರು. ಅಲ್ಲೊಬ್ಬ ಎಲೆ ಅಡಿಕೆ ವ್ಯಾಪಾರಿ ಇದ್ದ. ಮಹಾ ಚಾಲಾಕಿ. ಆಳುಗಳನ್ನು ಸಾಲಿನಲ್ಲಿ ನಿಲ್ಲಿಸಿ ಮುನ್ನೂರು ಚೀಟಿ ಕೊಂಡ. ಮಾರುವಾಗ ಚೀಟಿಗೆ ಎರಡೇ ಹಣ. ಆದರೆ ಅದನ್ನು ಇಟ್ಟು ಕೊಡುವ ವೀಳ್ಯದೆಲೆಗೆ ಇಪ್ಪತ್ತು! ಎಲೆ ಬೇಡ ಎಂದವರಿಗೆ ಚೀಟಿಯೂ ಇಲ್ಲ. ಉಳ್ಳವರು ಕೊಂಡರು. ಮಗನ ಕುಸ್ತಿ ನೋಡಲು ಹತ್ತು ಹರದಾರಿ ನಡೆದು ಬಂದ ತಂದೆತಾಯಿ ಬಾಗಿಲ ಹೊರಗೇ ಉಳಿದರು.

ಕುಸ್ತಿಯ ದಿನ ವ್ಯಾಪಾರಿ ಅಂಗಡಿಯಲ್ಲಿ ಕೂತು ಬೀದಿ ನೋಡಿದ. ಇಪ್ಪತ್ತು ಹಣ ತೆತ್ತ ಎಲೆಯನ್ನು ಯಾರು ಬಿಸಾಡುತ್ತಾರೆ? ಎಲ್ಲರೂ ಜಗಿಯುತ್ತಲೇ ಹೊರಟಿದ್ದರು. ಕಂಡ ಕಂಡ ಬಾಯೆಲ್ಲ ಕೆಂಪು. ಅಯ್ಯೋ ದೇವರೇ, ಇಷ್ಟು ಬಾಯಲ್ಲಿ ಒಂದು ಬಾಯಿ ತೆರೆದರೂ ನನ್ನ ಕತೆ ಮುಗಿಯಿತು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಎಂದು ನಡುಗಿದ. ಯಾರು ನಕ್ಕರೂ ತನ್ನನ್ನು ನೋಡಿಯೇ ನಕ್ಕಂತೆ. ಇಬ್ಬರು ನಿಂತು ಮಾತಾಡಿದರೆ ತನ್ನದೇ ಮಾತು.

ಅಷ್ಟರಲ್ಲಿ ಕೊತ್ವಾಲ ಅಂಗಡಿಗೆ ಬಂದ. ಅವನ ಕೈಯಲ್ಲೂ ಒಂದು ಎಲೆ ಇತ್ತು.

"ಶೆಟ್ಟರೇ, ಈ ಎಲೆಗೆ..." ಎಂದ.

ವ್ಯಾಪಾರಿ ದಡಕ್ಕನೆ ಕಾಲಿಗೆ ಬಿದ್ದ. "ತಪ್ಪಾಯಿತು ಸ್ವಾಮಿ! ಚೀಟಿಗೆ ಎರಡೇ ಹಣ ತಗೊಂಡಿದ್ದು. ಇಪ್ಪತ್ತು ಹಣ ಎಲೆಯದು, ಬರೀ ಎಲೆಯದು!"

ಕೊತ್ವಾಲ ಅವನನ್ನೇ ನೋಡಿದ. "ಎಲೆಗೆ ಒಂಚೂರು ಸುಣ್ಣ ಕೇಳೋಣ ಅಂತ ಬಂದೆ," ಎಂದ.

ಸಂಜೆಗೆ ಅಂಗಡಿಗೆ ಬೀಗ ಬಿತ್ತು. ವ್ಯಾಪಾರಿ ಹೆಂಡತಿ ಮಕ್ಕಳ ಜೊತೆ ಗಡಿ ದಾಟಿದ.

ಕತೆ ಮುಗಿಯಿತು. "ಎಂಥ ಪೆದ್ದ! ಸುಮ್ಮನೆ ಸುಣ್ಣ ಕೊಟ್ಟು ಕಳಿಸಿದ್ದರೆ ಬಚಾವಾಗುತ್ತಿದ್ದ. ಅವನನ್ನು ಯಾರೂ ಏನೂ ಕೇಳಿರಲೇ ಇಲ್ಲವಲ್ಲ," ಎಂದ ಶಿಷ್ಯ. ಅವನ ಕೈ ಇನ್ನೂ ಜೋಳಿಗೆಯ ಮೇಲೇ ಇತ್ತು.

"ಹೌದಪ್ಪಾ, ನಿನ್ನನ್ನು ನಾನು ಏನಾದರೂ ಕೇಳಿದ್ದೆನೇ?" ಎಂದರು ಗುರುಗಳು.